ಹಿಡಿಯಕ್ಕಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಿತ್ಯಜೀವನದಲ್ಲಿ ಕ್ರೈಸ್ತ ವಿಶ್ವಾಸ ಎಂಬ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಿರುವರು. ನಾನು ಉಪದೇಶಿಯಲ್ಲ, ವೇದಶಾಸ್ತ್ರವನ್ನು ಕಲಿತವಳೂ ಅಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಒಲೆಯ ಮುಂದೆ ನಿಂತವಳು. ಆದುದರಿಂದ ಅಡಿಗೆಮನೆಯ ಸಂಗತಿಯೊಂದನ್ನೇ ಹೇಳುವೆನು. ಅದರಲ್ಲಿ ನನಗೆ ಮಾನ ತರುವಂಥದು ಹೆಚ್ಚೇನೂ ಇಲ್ಲ. ಹಳೆಯ ಸಂಗಾತಿಯರು ಸೈರಿಸಿಕೊಂಡು ಓದಬೇಕು.

ನನ್ನ ಕಾಲದಲ್ಲಿ ಬೋರ್ಡಿಂಗಿನಲ್ಲಿದ್ದವರಿಗೆ ಅಡಿಗೆಕೋಣೆಯ ಮೂಲೆಯ ಮಣ್ಣಿನ ಗಡಿಗೆ ನೆನಪಿದ್ದೀತು. ಸರದಿಯ ಹುಡುಗಿ ಅಕ್ಕಿಯನ್ನು ಅಳೆದು ಮೊರಕ್ಕೆ ಹಾಕಿದ ಮೇಲೆ ಅದರಿಂದ ಒಂದು ಹಿಡಿಯನ್ನು ತೆಗೆದು ಆ ಗಡಿಗೆಗೆ ಸುರಿಯಬೇಕಾಗಿತ್ತು. ನಾನು ಮೊದಲನೆಯ ದಿನ ಜಾಣತನದಿಂದ ಮೂಟೆಯಿಂದಲೇ ಒಂದು ಹಿಡಿ ತೆಗೆದು ಹಾಕಿದೆನು. ಮೇಟ್ರನಮ್ಮನವರು ಅದನ್ನು ಕಂಡು, “ಮೂಟೆಯಿಂದ ತೆಗೆದರೆ ಕೊಟ್ಟವಳು ನೀನಲ್ಲ, ಮೂಟೆ. ಅಳೆದ ಅಕ್ಕಿಯಿಂದ ತೆಗೆ, ನಿನ್ನ ಬಟ್ಟಲಲ್ಲಿ ಒಂದು ತುತ್ತು ಕಡಿಮೆಯಾಗಲಿ” ಎಂದರು. ಹದಿಮೂರು ವರ್ಷದ ಹುಡುಗಿಗೆ ಹಸಿವು ಎಷ್ಟೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದೇ ಹೇಳಿದರೆಂದು ಈಗ ತೋರುತ್ತದೆ.

ಈ ಪದ್ಧತಿಯು ನಮ್ಮ ಊರೊಂದರದೇ ಅಲ್ಲ. ಕೇರಳದ ಸಭೆಗಳಲ್ಲಿ ಇದಕ್ಕೆ ಪಿಡಿಯರಿ ಎನ್ನುವರು. ದೂರದ ಮಿಜೋರಾಮಿನ ಕ್ರೈಸ್ತ ಸ್ತ್ರೀಯರು ೧೯೧೦ರಿಂದ ಹೀಗೆ ಹಿಡಿಯಕ್ಕಿಯನ್ನು ಎತ್ತಿಡುತ್ತ ಬಂದಿರುವರು. ಕೈಯಲ್ಲಿ ಕಾಸಿಲ್ಲದ ಹೆಂಗಸರ ಆ ಹಿಡಿಗಳಿಂದ ಅಲ್ಲಿಯ ಸಭೆಯು ದೊಡ್ಡ ದೊಡ್ಡ ಕೆಲಸಗಳನ್ನು ನಡೆಸಿತು. ನಮ್ಮ ಸಭೆಯಲ್ಲಾದರೋ ತಿಂಗಳಿಗೊಮ್ಮೆ ಸ್ತ್ರೀಸಮಾಜದವರು ಮನೆಮನೆಗೆ ಬಂದು ಅಕ್ಕಿಯನ್ನು ಕೂಡಿಸುತ್ತಿದ್ದರು. ಸ್ವಲ್ಪವನ್ನು ಬಡವಿಧವೆಯರಿಗೆ ಹಂಚಿ, ಉಳಿದುದನ್ನು ಆರಾಧನೆಯ ಬಳಿಕ ಏಲಮು ಹಾಕುತ್ತಿದ್ದರು.

ಮದುವೆಯಾಗಿ ಮಂಗಳೂರಿನ ಒಂದು ಸಣ್ಣ ಹೆಂಚಿನ ಮನೆಗೆ ಬಂದಾಗ ನಾನು ತಂದ ಸಾಮಾನಿನಲ್ಲಿ ಅಂಥ ಗಡಿಗೆಯೊಂದಿತ್ತು. ನನ್ನ ಯಜಮಾನರು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕೆಲಸವನ್ನು ಆರಂಭಿಸಿದ ಮೇಲೆ ನೇತ್ರಾವತಿಯ ದಡದಲ್ಲಿ ಇಂಥ ಕಾರ್ಖಾನೆಗಳು ಎಷ್ಟೋ ಎದ್ದವು. ನಮ್ಮವರಲ್ಲಿ ಅನೇಕ ಕುಟುಂಬಗಳಿಗೆ ಆ ಕೆಂಪುಮಣ್ಣೇ ಅನ್ನ. ೧೯೭೪ರ ಮಳೆಗಾಲದಲ್ಲಿ ಯಜಮಾನರ ಕಾರ್ಖಾನೆಗೆ ಬೀಗ ಬಿತ್ತು. ಯಾರ ತಪ್ಪೆಂಬುದನ್ನು ನಾನು ಇಲ್ಲಿ ವಿಚಾರಿಸುವದಿಲ್ಲ. ಆ ವರ್ಷ ಅಕ್ಕಿಯ ಬೆಲೆ ಏರಿತ್ತು. ಮನೆಯಲ್ಲಿ ಅತ್ತೆಯವರು, ಮೂರು ವರ್ಷದ ಮಗಳು, ಒಂದು ವರ್ಷದ ಮಗ. ಆಟಿ ತಿಂಗಳಿನಲ್ಲಿ ಕೆಸುವಿನ ಎಲೆ, ಚಗಟೆ ಸೊಪ್ಪು, ಎತ್ತಿಟ್ಟ ಹಲಸಿನ ಬೀಜ ಇವುಗಳಿಂದ ಎಷ್ಟು ದಿನ ಕಳೆಯಬಹುದೋ ಅಷ್ಟು ದಿನ ಕಳೆದೆವು. ಅಂಗಡಿಯವನು ಎರಡು ತಿಂಗಳು ಕಡ ಕೊಟ್ಟು, ಮೂರನೆಯ ತಿಂಗಳಲ್ಲಿ ನನ್ನನ್ನು ಕಂಡಾಗ ತಕ್ಕಡಿಯನ್ನು ಒರಸತೊಡಗಿದನು. ಅದಕ್ಕಿಂತ ಸ್ಪಷ್ಟವಾದ ಮಾತು ಬೇಕಾಗಿರಲಿಲ್ಲ.

ಒಂದು ಸಂಜೆ ಅಕ್ಕಿಯ ಡಬ್ಬಿಯನ್ನು ಮಗುಚಿ ತಟ್ಟಿದರೂ ಏನೂ ಬೀಳಲಿಲ್ಲ. ಮೂಲೆಯ ಗಡಿಗೆಯಲ್ಲಿ ಮಾತ್ರ ಅಕ್ಕಿಯಿತ್ತು. ನಾನು ಅದರ ಮುಂದೆ ಬಹಳ ಹೊತ್ತು ಕುಳಿತಿದ್ದೆನು. ಚಿಕ್ಕವನು ಅಳುತ್ತಿದ್ದನು. ಕೊನೆಗೆ ಎರಡು ಪಾವು ತೆಗೆದು ಗಂಜಿ ಬೇಯಿಸಿದೆನು. ಅತ್ತೆಯವರು ಎಲ್ಲವನ್ನೂ ಕಂಡಿದ್ದರು. ಊಟದ ಪ್ರಾರ್ಥನೆಯನ್ನು ಎಂದಿನಂತೆ ತಾವೇ ಮಾಡಿದರು. ಮರುದಿನವೂ ತೆಗೆದೆನು. ಅದರ ಮರುದಿನವೂ.

ತಿಂಗಳ ಕೊನೆಗೆ ಅಕ್ಕಿ ಕೂಡಿಸುವ ದೊಡ್ಡಮ್ಮ ಬಂದರು. ಸಭೆಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮನೆಂದೇ ಕರೆಯುವದು. ಗಡಿಗೆಯ ತಳದಲ್ಲಿ ಎರಡು ಹಿಡಿಯಷ್ಟು ಉಳಿದಿತ್ತು. ನನ್ನ ಬಾಯಿಂದ, “ಇಲಿಗಳ ಕಾಟ ದೊಡ್ಡಮ್ಮಾ, ಈ ತಿಂಗಳು ಎಲ್ಲಾ ಅವೇ ತಿಂದುಬಿಟ್ಟವು” ಎಂಬ ಮಾತು ಬಂತು. ಮುಚ್ಚಳದ ಮೇಲೆ ನಾನೇ ಇಟ್ಟಿದ್ದ ಭಾರವಾದ ಕಲ್ಲು ಅಲ್ಲಿಯೇ ಇತ್ತು. ಅವರು ಆ ಕಲ್ಲನ್ನು ನೋಡಿದರು, ಮಕ್ಕಳನ್ನು ನೋಡಿದರು, ಇದ್ದ ಎರಡು ಹಿಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಮರುದಿನ ಸಂಜೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಸೆರಗಿನಡಿಯಲ್ಲಿ ಚೀಲವೊಂದನ್ನು ಮರೆಮಾಡಿಕೊಂಡು ಪುನಃ ಬಂದರು. “ಮಗಾ, ಇಲಿಗಳಿಗೂ ಹೊಟ್ಟೆ ಕೊಟ್ಟವನು ದೇವರೇ ಅಲ್ಲವೇ? ಇದನ್ನು ಅವುಗಳಿಗೆಂದು ಇಟ್ಟುಕೋ” ಎಂದರು. ನನಗೆ ಕೈ ಚಾಚಲಾಗಲಿಲ್ಲ. ಹದಿಮೂರನೆಯ ವಯಸ್ಸಿನಿಂದ ನಾನು ಹಿಡಿಯಕ್ಕಿಯನ್ನು ಕೊಡುವವಳು. ಯಾರೋ ಬಡವರಿಗೆಂದು ಎತ್ತಿಡುವವಳು. ಆ ಬಡವರ ಸಾಲಿನಲ್ಲಿ ನನ್ನ ಹೆಸರೂ ಇದ್ದೀತೆಂದು ಒಂದು ದಿನವೂ ಎಣಿಸಿರಲಿಲ್ಲ. ಕೊಡುವದನ್ನೇ ನಾನು ವಿಶ್ವಾಸವೆಂದು ತಿಳಿದಿದ್ದೆನು. ಅದರೊಳಗೆ ಎಷ್ಟು ಹೆಮ್ಮೆ ಅಡಗಿತ್ತೆಂಬುದು ಆ ಬಾಗಿಲಲ್ಲಿ ಗೊತ್ತಾಯಿತು. ಅತ್ತೆಯವರು ಒಳಗಿನಿಂದ ಬಂದು ಎರಡೂ ಕೈಗಳಿಂದ ಚೀಲವನ್ನು ತೆಗೆದುಕೊಂಡರು.

ಅದನ್ನು ಮೊರಕ್ಕೆ ಸುರಿದಾಗಲೇ ತಿಳಿಯಿತು, ಅದು ಅಂಗಡಿಯ ಅಕ್ಕಿಯಲ್ಲ. ಕೆಂಪು ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ನುಚ್ಚು, ಹೊಟ್ಟು ಹೋಗದ ಭತ್ತದ ಕಾಳು, ಎಲ್ಲವೂ ಕಲಸಿತ್ತು. ಒಂದೊಂದು ಹಿಡಿ ಒಂದೊಂದು ಮನೆಯದು. ಅಂಥ ಅಕ್ಕಿಯನ್ನು ಬೇಯಿಸುವದು ಸುಲಭವಲ್ಲ. ಬೆಳ್ತಿಗೆ ಕರಗಿ ಅಂಬಲಿಯಾದರೂ ಕುಚ್ಚಲು ಗಟ್ಟಿಯಾಗಿಯೇ ಇರುವದು. ಯಾರ ಮನೆಯ ಅಕ್ಕಿ ಯಾವುದಿರಬಹುದೆಂದು ಎಣಿಸುತ್ತ ನಾನು ಸೌಟನ್ನು ತಿರುಗಿಸಿದೆನು. ಆದರೆ ಒಲೆಗಿಡುವ ಮುಂಚೆ ಇನ್ನೊಂದು ಸಂಗತಿ ನಡೆಯಿತು. ಅತ್ತೆಯವರು ಎರಡು ಪಾವನ್ನು ಅಳೆದು, ಅದರಿಂದ ಒಂದು ಹಿಡಿಯನ್ನು ತೆಗೆದು ಗಡಿಗೆಯ ಕಡೆಗೆ ಹೋದರು.

“ಅತ್ತೇ, ಇದು ನಮಗೆ ಬಂದ ಧರ್ಮದಕ್ಕಿ. ಇದರಿಂದಲೂ ತೆಗೆಯಬೇಕೇ?”

“ಬಂದ ಮೇಲೆ ನಮ್ಮದೇ ಅಲ್ಲವೇ?” ಎಂದು ಹೇಳಿ ಮುಚ್ಚಳವನ್ನು ಮುಚ್ಚಿ, ಕಲ್ಲನ್ನು ಅದರ ಮೇಲಿಟ್ಟರು.

ಅಕ್ಟೋಬರಿನಲ್ಲಿ ಕಾರ್ಖಾನೆ ತೆರೆಯಿತು. ಸಾಲ ತೀರಲು ಎರಡು ವರ್ಷ ಹಿಡಿಯಿತು.

ಗಡಿಗೆಯಿಂದ ತೆಗೆದುದಕ್ಕಾಗಿ ನಾನು ಬಹುಕಾಲ ಕೊರಗಿದೆನು. ಹಸಿದ ದಾವೀದನು ಯಾಜಕರ ಹೊರತು ಯಾರೂ ತಿನ್ನಬಾರದ ರೊಟ್ಟಿಯನ್ನು ತಿಂದುದನ್ನೂ, ನಮ್ಮ ಕರ್ತನು ಅದನ್ನು ತಪ್ಪೆಂದು ಎಣಿಸದೆ ಉದಾಹರಿಸಿದುದನ್ನೂ ಸತ್ಯವೇದದಲ್ಲಿ ಎಷ್ಟೋ ಸಾರಿ ಓದಿದ್ದರೂ ಅದು ನನ್ನ ಒಲೆಯ ತನಕ ಬಂದಿರಲಿಲ್ಲ. ಈಗ ಆ ಕೊರಗಿಲ್ಲ. ಇಲಿಗಳ ಮಾತಿಗಾಗಿ ಮಾತ್ರ ನಾಚಿಕೆಯುಂಟು. ಕರ್ತನ ಪ್ರಾರ್ಥನೆಯಲ್ಲಿ ನಾವು ಬೇಡುವದು ವರ್ಷದ ಮುಡಿಯನ್ನಲ್ಲ, ಒಂದು ದಿನದ ಆಹಾರವನ್ನು. ಅದನ್ನೂ ನನಗೆಂದು ಬೇಡದೆ ನಮಗೆಂದು ಬೇಡುವೆವು. ಆ ‘ನಮಗೆ’ ಎಂಬುದರಲ್ಲಿ ಎಷ್ಟು ಬಗೆಯ ಅಕ್ಕಿ ಕಲಸಿದೆಯೆಂದು ಆ ಗಂಜಿಯನ್ನು ಉಂಡವರಿಗೆ ಗೊತ್ತು.

ಈಗ ನಾನಿರುವದು ಮಗನ ಮನೆಯಲ್ಲಿ. ಕಾಣಿಕೆಯನ್ನು ಲಕೋಟೆಯಲ್ಲಿ ಹಾಕುವರು, ಕೆಲವರು ಫೋನಿನಿಂದಲೇ ಕಳುಹಿಸುವರು. ಅದರಲ್ಲಿ ತಪ್ಪಿಲ್ಲ. ಆದರೂ ನನ್ನದೊಂದು ಸ್ಟೀಲಿನ ಡಬ್ಬಿ ಕುಕ್ಕರಿನ ಪಕ್ಕದಲ್ಲಿದೆ. ಕೆಲಸಕ್ಕೆ ಹೊರಡುವ ಅವಸರದಲ್ಲಿಯೂ ಸೊಸೆ ಅದಕ್ಕೊಂದು ಹಿಡಿ ಹಾಕುತ್ತಾಳೆ. ಮೂಟೆಯಿಂದ ತೆಗೆಯುತ್ತಾಳೋ ಅಳೆದುದರಿಂದಲೋ ನಾನು ನೋಡಲು ಹೋಗುವದಿಲ್ಲ.

ದೊಡ್ಡಮ್ಮನಿಗೆ ನಿಜವನ್ನು ಹೇಳಿ ಕ್ಷಮೆ ಕೇಳಬೇಕೆಂದು ಹತ್ತು ವರ್ಷ ಎಣಿಸುತ್ತಲೇ ಇದ್ದೆನು. ೧೯೮೪ರ ಬೆಳೆಹಬ್ಬದ ದಿನ, ದೇವಾಲಯದ ಅಂಗಳದಲ್ಲಿ ಯಾರೋ ತಂದ ಕುಂಬಳಕಾಯಿಯನ್ನು ಏಲಮು ಹಾಕುತ್ತಿರುವಾಗ ಅವರು ನನ್ನ ಪಕ್ಕದಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದರು. ದೃಷ್ಟಿ ಮಂದವಾಗಿತ್ತು. ನಾನು ಧೈರ್ಯ ಮಾಡಿ, “ದೊಡ್ಡಮ್ಮಾ, ಆ ವರ್ಷ ಮಳೆಗಾಲದಲ್ಲಿ” ಎಂದು ಆರಂಭಿಸಿದೆನು. ಅವರು ನನ್ನ ಕೈಯನ್ನು ಹಿಡಿದುಕೊಂಡು, “ನಿನ್ನ ಇಲಿಗಳು ಈಗ ಹೇಗಿವೆ ಮಗಾ?” ಎಂದು ಕೇಳಿದರು.

“ಚೆನ್ನಾಗಿವೆ ದೊಡ್ಡಮ್ಮಾ,” ಎಂದೆನು. “ದೊಡ್ಡದು ಈ ವರ್ಷ ನಮ್ಮ ಹುಡುಗಿಯರ ಶಾಲೆಗೆ ಸೇರಿದೆ.”