ಹೊನ್ನಾಳಿಗೆ ತೇಲಿ ಬಂದ ಇಲಿಗಳು

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಹೊನ್ನಾಳಿ ಸೀಮೆಯ ಮಕ್ಕಳ ಮುಂದೆ ಓದಬೇಕು. ಬೊಮ್ಮನಹಳ್ಳಿ ಇರುವುದು ತುಂಗೆಯ ದಡದಲ್ಲಿ. ಜೋಗಿ ಇಲಿಗಳನ್ನೆಲ್ಲ ಹೊಳೆಗೆ ಇಳಿಸಿದ್ದೇ ತಡ, ಒಬ್ಬ ಹುಡುಗ ಕೈಯೆತ್ತಿದ: “ಸಾ, ಹಂಗಾರೆ ಆ ಇಲಿ ಎಲ್ಲಾ ತೇಲ್ಕಂಡು ನಮ್ಮೂರಿಗೇ ಬಂದ್ವಾ?” ಬರಲೇಬೇಕಲ್ಲ! ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡ ತುಂಗೆ ಹರಿದು ಬರುವುದು ಹೊನ್ನಾಳಿಯ ಮಗ್ಗುಲಿಗೇ. ಪಕ್ಕದ ಹುಡುಗಿಗೆ ಅನುಮಾನವೇ ಇರಲಿಲ್ಲ: “ಅದ್ಕೇ ನಮ್ಮನೆ ಮೆಕ್ಕೆಜೋಳದ ಚೀಲ ಎಲ್ಲಾ ತೂತು!” ಬ್ರೌನಿಂಗ್ ಕವಿ ಬರೆದ ಹ್ಯಾಮೆಲಿನ್ ಊರಿನ ಕತೆಯನ್ನು ಕುವೆಂಪು ತುಂಗೆಯ ತೀರಕ್ಕೆ ತಂದರು, ಮಕ್ಕಳು ಅದನ್ನು ಇನ್ನಷ್ಟು ಕೆಳಕ್ಕೆ, ತಮ್ಮ ಹಿತ್ತಿಲಿಗೇ ತಂದುಕೊಂಡರು. ಆಮೇಲೆ ಶುರುವಾದ ಜಗಳ ಬೇಗ ಮುಗಿಯಲಿಲ್ಲ. ಜೋಗಿಗೆ ಕೊಟ್ಟ ಮಾತು ತಪ್ಪಿದ್ದು ಊರ ಗೌಡ, ಶಿಕ್ಷೆ ಮಕ್ಕಳಿಗೆ ಯಾಕೆ? ಇದು ನ್ಯಾಯವೇ? ದೊಡ್ಡವರ ವಿಮರ್ಶೆಯಲ್ಲಿ ಇಷ್ಟು ನೇರ ಪ್ರಶ್ನೆಯನ್ನು ನಾನು ಕಂಡದ್ದು ಕಡಿಮೆ.

ಮಕ್ಕಳ ಪುಸ್ತಕದ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯಲ್ಲಿ 1944ರಲ್ಲಿ ಹುಟ್ಟಿದವರು ಎಚ್.ಎಸ್. ವೆಂಕಟೇಶಮೂರ್ತಿ. ಭಾವಗೀತೆಗಳ ಕವಿಯೆಂದು ನಾಡು ಅವರನ್ನು ಕೊಂಡಾಡಿತು, ಸರಿ. ನನಗೆ ಮಾತ್ರ ಅವರು ಮೊದಲು ‘ಚಿನ್ನಾರಿ ಮುತ್ತ’ದ ಕವಿ, ‘ಅಳಿಲು ರಾಮಾಯಣ’ದ ನಾಟಕಕಾರ. ಮಕ್ಕಳಿಗಾಗಿ ಬರೆದುದಕ್ಕೇ ಸಾಹಿತ್ಯ ಅಕಾಡೆಮಿ 2013ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಮಕ್ಕಳ ಪುಸ್ತಕಗಳು ಚನ್ನಗಿರಿಯ ಪ್ರತಿ ಶಾಲೆಯಲ್ಲೂ ಮಕ್ಕಳ ಕೈಯಲ್ಲಿ ಓಡಾಡಿ ಮಾಸಿಹೋಗಬೇಕು. ಇದಕ್ಕಿಂತ ದೊಡ್ಡ ಸ್ಮಾರಕ ಬೇಡ.

ಹಳೆಯದೇ ಚೆನ್ನ ಎಂದು ಕುಳಿತರೂ ಆಗದು. ಪಂಜೆ, ರಾಜರತ್ನಂ ಎಂದು ನಾವು ಹೆಸರು ಹೇಳಿಕೊಂಡಿರುವಾಗಲೇ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಬಂದು, 2022 ಮತ್ತು 2023ರಲ್ಲಿ ಅದೇ ಪುರಸ್ಕಾರವನ್ನೂ ಪಡೆದವು. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಹೆಸರನ್ನು ಓದಿಯೇ ಜಗಳೂರಿನ ಕಡೆಯ ಹುಡುಗನೊಬ್ಬ ನಿಂತುಬಿಟ್ಟ. ಊರು ಮುಳುಗುವಷ್ಟು ನೀರೇ? ಕೆರೆ ತುಂಬುವುದನ್ನೇ ಕಾಯುವ ಊರಿನವನು ಅವನು. ಶರಾವತಿಯ ಅಣೆಕಟ್ಟು, ಬೆಳಕಿಗಾಗಿ ಮನೆ ಬಿಟ್ಟವರು ಎಂದೆಲ್ಲ ಮಾತು ಹೊರಟು, ಪುಸ್ತಕ ತೆರೆಯುವ ಹೊತ್ತಿಗೆ ಅವನು ಅರ್ಧ ಊರನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ. ಅದೇ ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಅದನ್ನು ಕುರಿತು ಯಾರಾದರೂ ಒಂದು ಒಳ್ಳೆಯ ಮಕ್ಕಳ ಕಾದಂಬರಿ ಬರೆಯಬೇಕು. ಬಯಲುಸೀಮೆಯ ಮಗುವಿಗೂ ತನ್ನ ಕಾಡು ಪುಸ್ತಕದಲ್ಲಿ ಸಿಗಲಿ.

ಇವನ್ನೆಲ್ಲ ಓದಲು ಜಾಗಕ್ಕೆ ಕೊರತೆಯಿಲ್ಲ. 2020ರ ‘ಓದುವ ಬೆಳಕು’ ಅಭಿಯಾನದಿಂದ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಅವು ಅರಿವು ಕೇಂದ್ರಗಳು. ಆದರೆ ಬೀರುವಿನಲ್ಲಿ ಸಾಲಾಗಿ ನಿಂತ ಪುಸ್ತಕ ತಾನಾಗಿ ಮಗುವನ್ನು ಕರೆಯದು. ದನಿಯೆತ್ತಿ ಓದುವ ಒಬ್ಬರು ಬೇಕು.

ನ್ಯಾಮತಿಯಲ್ಲೋ ಚನ್ನಗಿರಿಯಲ್ಲೋ ಇರುವ ಮೇಷ್ಟ್ರೇ, ಅಂಗನವಾಡಿಯ ಅಕ್ಕ, ನಿವೃತ್ತರಾಗಿ ಮನೆಯಲ್ಲಿರುವ ಹಿರಿಯರೇ, ವಾರಕ್ಕೊಂದು ಸಂಜೆ ಗ್ರಂಥಾಲಯಕ್ಕೆ ಹೋಗಿ ಒಂದು ಹಳೆಯದನ್ನೂ ಒಂದು ಹೊಸದನ್ನೂ ಓದಿ. ಆಮೇಲೆ ‘ಇದರ ನೀತಿ ಏನು?’ ಎಂದು ಮಾತ್ರ ಕೇಳಬೇಡಿ. ಮಕ್ಕಳು ಕೇಳುವುದಕ್ಕೆ ಉತ್ತರ ಕೊಡಿ, ಸಾಕು.