ಮನೆಷ್ಟ್ರಾ ಹುಡುಕಿಕೊಂಡು ಮೊಟೊವುನ್‌ಗೆ

ಮೀರ್ನಾ ನದಿಯ ಬಯಲಿನಲ್ಲಿ ನಿಂತು ತಲೆಯೆತ್ತಿದರೆ ಗುಡ್ಡ ಎಲ್ಲಿ ಮುಗಿಯಿತು, ಮೊಟೊವುನ್‌ನ ಕೋಟೆಗೋಡೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. 277 ಮೀಟರ್ ಎತ್ತರದಲ್ಲಿ ಇಡೀ ಊರು ಬಂಡೆಯೊಳಗಿಂದ ತಾನೇ ಎದ್ದು ಬಂದಂತಿದೆ. ಕೆಳಗೆ ಓಕ್ ಕಾಡು, ದ್ರಾಕ್ಷಿತೋಟ, ತೆನೆ ಬಲಿಯುತ್ತಿದ್ದ ಮುಸುಕಿನ ಜೋಳದ ಹೊಲ. ಆಗಸ್ಟ್ ತಿಂಗಳ ಬಿಸಿಲಿಗೆ ಜೀರುಂಡೆಗಳು ಕಿವಿ ತೂತಾಗುವ ಹಾಗೆ ಕೂಗುತ್ತಿದ್ದವು.

ಇದು ಕ್ರೊಯೇಷಿಯಾದ ವಾಯವ್ಯ ಮೂಲೆಯ ಇಸ್ತ್ರಿಯಾ. ಊರಿನ ಫಲಕದಲ್ಲಿ ಎರಡು ಹೆಸರು: ಮೊಟೊವುನ್, ಮೊಂಟೊನಾ. 1918ರವರೆಗೆ ಆಸ್ಟ್ರಿಯಾ-ಹಂಗೆರಿ, ಆಮೇಲೆ ಇಟಲಿ, 1947ರ ಒಪ್ಪಂದದ ನಂತರ ಯುಗೊಸ್ಲಾವಿಯಾ, 1991ರಿಂದ ಕ್ರೊಯೇಷಿಯಾ. ಹುಟ್ಟಿದ ಮನೆಯ ಹೊಸ್ತಿಲು ದಾಟದೆ ನಾಲ್ಕು ದೇಶಗಳಲ್ಲಿ ಬಾಳಿದವರು ಇಲ್ಲಿದ್ದರು. ಹೊಸ್ತಿಲು ದಾಟಿ ಹೋದವರೂ ಬಹಳ. ಕಾರ್ ರೇಸಿನ ಮಾರಿಯೊ ಆಂಡ್ರೆಟ್ಟಿ ಹುಟ್ಟಿದ್ದು ಇದೇ ಊರಲ್ಲಿ, 1940ರಲ್ಲಿ. 1948ರಲ್ಲಿ ಅವರ ಕುಟುಂಬ ಗಂಟುಮೂಟೆ ಕಟ್ಟಿ ಇಟಲಿಯ ನಿರಾಶ್ರಿತರ ಶಿಬಿರ ಸೇರಿತು, ಅಲ್ಲಿಂದ ಅಮೆರಿಕ. ನನ್ನ ಜೊತೆ ಬಂದಿದ್ದ ಗೆಳತಿಯ ಅಜ್ಜಿ ಮೆಲ್ಬರ್ನಿಗೆ ಹೋದರು.

ಮೆಲ್ಬರ್ನಿನಲ್ಲಿ ಈ ಗೆಳತಿ ನಮ್ಮ ಪಕ್ಕದ ಮನೆ. ಅಜ್ಜಿಯ ಮನೆಷ್ಟ್ರಾ ಮಾಡಬೇಕೆಂದು ವರ್ಷಗಟ್ಟಲೆ ಹಟ ಹಿಡಿದವಳು. ಬೀನ್ಸ್ ಕಾಳು, ಆಲೂಗಡ್ಡೆ, ಎಳೆಯ ಜೋಳದ ಕಾಳು, ಗಾಳಿಗೆ ಒಣಗಿಸಿದ ಹಂದಿತೊಡೆಯ ಮೂಳೆ ಹಾಕಿ ಕುದಿಸಿದ ಗಟ್ಟಿ ಸಾರು ಅದು. ಪ್ರತಿ ಸಲ ಒಂದು ಬಟ್ಟಲು ನಮ್ಮನೆಗೂ ಬರುತ್ತಿತ್ತು. ನಮಗೇನೋ ರುಚಿಯಾಗಿಯೇ ಇರುತ್ತಿತ್ತು. ಅವಳ ಮುಖ ಮಾತ್ರ ಪ್ರತಿ ಸಲವೂ ಸಪ್ಪಗಾಗುತ್ತಿತ್ತು. ಎರಡು ಕೊರತೆ ಎನ್ನುತ್ತಿದ್ದಳು. ಒಂದು, ನಾಲಿಗೆಗೆ ಹತ್ತುವ ಯಾವುದೋ ಜಿಡ್ಡಿನ ಘಮ. ಇನ್ನೊಂದು, ಸೋಂಪಿನಂಥ ಒಂದು ವಾಸನೆ.

ಮೊಟೊವುನ್‌ಗೆ ಬರುವವರು ಬಹುಪಾಲು ಟ್ರಫಲ್ ಎಂಬ ನೆಲದಡಿಯ ಅಣಬೆಯ ಹಿಂದೆ ಬೀಳುತ್ತಾರೆ. 1999ರಲ್ಲಿ ಈ ಸೀಮೆಯಲ್ಲಿ 1.31 ಕಿಲೋ ತೂಗುವ ಬಿಳಿ ಟ್ರಫಲ್ ಸಿಕ್ಕಿ ಗಿನ್ನೆಸ್ ದಾಖಲೆ ಸೇರಿದ ಮೇಲೆ ಕೇಳುವುದೇ ಬೇಡ. ಅಂಗಡಿಯ ಎಣ್ಣೆಗೂ ಅದೇ, ಚೀಸಿಗೂ ಅದೇ. ಚೆನ್ನಾಗಿಯೇ ಇದೆ, ಆದರೆ ಒಂದೆರಡು ಊಟಕ್ಕೆ ಸಾಕು. ನಾವು ಉಳಿದದ್ದು ಗುಡ್ಡದ ಕೆಳಗಿನ ಒಂದು ತೋಟದ ಮನೆಯಲ್ಲಿ. ಮನೆಯೊಡತಿಯನ್ನು ಎಲ್ಲರೂ ‘ನೊನಾ’ ಎನ್ನುತ್ತಿದ್ದರು. ಇಸ್ತ್ರಿಯಾದಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ. ಮನೆಷ್ಟ್ರಾದ ವಿಷಯ ಕೇಳಿದ್ದೇ ತಡ, ಆ ರಾತ್ರಿಯೇ ಕಾಳು ನೆನೆಹಾಕಿದರು.

ಬೆಳಗ್ಗೆ ಸಾರು ಕುದಿಯತೊಡಗಿದಾಗ ನೊನಾ ಉಪ್ಪುಹಚ್ಚಿ ಒಣಗಿಸಿದ ಹಂದಿಕೊಬ್ಬಿನ ಗಟ್ಟಿಯೊಂದನ್ನು ಮಣೆಯ ಮೇಲಿಟ್ಟರು. ಅಂಚಿಗೆ ಹಳದಿ ತಿರುಗಿದ ಹಳೆಯ ಕೊಬ್ಬು. ಚಾಕುವಿನ ಅಲಗನ್ನು ಕುದಿಯುವ ಸಾರಿಗೇ ಅದ್ದಿ, ಆ ಬಿಸಿಯಲ್ಲೇ ಕೊಚ್ಚತೊಡಗಿದರು. ಅಲಗು ತಣಿದು ಕೊಬ್ಬು ಅಂಟಿತೋ, ಮತ್ತೆ ಸಾರಿಗೆ. ಬೆಳ್ಳುಳ್ಳಿ ಬಿತ್ತು, ಪಾರ್ಸ್ಲಿ ಸೊಪ್ಪು ಬಿತ್ತು. ಮಣೆಯ ಟಕಟಕ ನಿಲ್ಲಲೇ ಇಲ್ಲ. ಕಡೆಗೆ ಕೊಬ್ಬು, ಸೊಪ್ಪು, ಬೆಳ್ಳುಳ್ಳಿ ಬೇರೆ ಬೇರೆ ಕಾಣದೆ, ನಮ್ಮ ಒರಳಿನಲ್ಲಿ ನುಣ್ಣಗೆ ರುಬ್ಬಿದ ಹಸಿರು ಚಟ್ನಿಯ ಹಾಗಾಯಿತು. ‘ಪೆಷ್ಟ್’ ಎಂದರು ನೊನಾ. ಅದು ಪಾತ್ರೆಗೆ ಬಿದ್ದ ಕ್ಷಣ ಅಡುಗೆಮನೆಯ ಗಾಳಿಯೇ ಬದಲಾಯಿತು. ಗೆಳತಿ ಎದ್ದು ನಿಂತಳು. ಟಕಟಕ ಸದ್ದು ಅವಳಿಗೆ ನೆನಪಿತ್ತಂತೆ, ಹಾಸಿಗೆಯಲ್ಲಿ ಮಲಗಿಯೇ ಕೇಳಿದ್ದು. ಅದು ಸಾರಿಗೆ ಸೇರಿದ ಸದ್ದೆಂದು ಹೊಳೆದೇ ಇರಲಿಲ್ಲ.

ಇನ್ನು ಸೋಂಪು. ತೋಟದ ಬೇಲಿಗುಂಟ ಹಳದಿ ಹೂ ಬಿಟ್ಟು ಆಳೆತ್ತರ ನಿಂತಿದ್ದ ಗಿಡವನ್ನು ನಾನು ಸಬ್ಬಸಿಗೆ ಅಂದುಕೊಂಡಿದ್ದೆ. ಉಜ್ಜಿ ಮೂಸಿದರೆ ಅಪ್ಪಟ ಸೋಂಪು! ಕಾಡುಸೋಂಪು, ಇಲ್ಲಿಯವರ ‘ಕೋರೊಮಾಚ್’. ಗೆಳತಿ ಒಂದು ಹಿಡಿ ಕಿತ್ತು ತಂದು ಪಾತ್ರೆಗೆ ಹಾಕಹೊರಟರೆ ನೊನಾ ಅಡ್ಡ ಕೈ ಹಿಡಿದರು. ಕೋರೊಮಾಚ್ ಹಾಕುವುದು ವಸಂತದ ಮನೆಷ್ಟ್ರಾಕ್ಕೆ, ಎಳೆ ಚಿಗುರು ಬಂದಾಗ. ಜೋಳದ್ದು ಬೇಸಿಗೆಯ ಕೊನೆಯದು. ಎರಡೂ ಒಂದೇ ಪಾತ್ರೆಯಲ್ಲಿ? ಯಾರ ಮನೆಯಲ್ಲೂ ಇಲ್ಲ.

ಅಂದರೆ ಇಷ್ಟು ವರ್ಷ ಅವಳು ಹುಡುಕಿದ್ದು ಎರಡು ಸಾರು ಕಲೆತ ಒಂದು ನೆನಪನ್ನೇ? ಗೆಳತಿ ಒಪ್ಪಲಿಲ್ಲ. ಮೆಲ್ಬರ್ನಿನ ರೈಲುಹಳಿಯ ಬದಿಯಲ್ಲಿ ಈ ಗಿಡ ಕಳೆಯ ಹಾಗೆ ಬೆಳೆಯುತ್ತದೆ, ಅಜ್ಜಿ ಮಡಿಲು ತುಂಬ ಕಿತ್ತು ತರುತ್ತಿದ್ದರು ಎಂದಳು. ಋತುಗಳೇ ತಿರುವುಮುರುವಾದ ಊರಿನಲ್ಲಿ ಆ ಅಜ್ಜಿ ಯಾವುದನ್ನು ಯಾವುದರ ಜೊತೆ ಹಾಕಿದರೋ!

ಊಟಕ್ಕೆ ಬಂದಿದ್ದ ಪಕ್ಕದ ತೋಟದ ಮುದುಕ ಈ ನ್ಯಾಯದಲ್ಲಿ ತಾನೂ ಬಾಯಿ ಹಾಕಿದ. ಸೋಂಪಿನ ಮಾತು ಹಾಗಿರಲಿ, ನೊನಾ ಆಲೂಗಡ್ಡೆಯನ್ನು ಮಸೆಯದೆ ಇಡಿಯಾಗಿ ಬಿಟ್ಟಿದ್ದೇ ದೊಡ್ಡ ತಪ್ಪು ಎಂದ. ನೊನಾ ಸೌಟು ಎತ್ತಿಯೇ ಉತ್ತರ ಕೊಟ್ಟರು. ಜಗಳ ಏರುತ್ತಿದ್ದ ಹೊತ್ತಿಗೆ ಗೆಳತಿ ತನ್ನ ಪಾಲಿನ ಸಾರನ್ನು ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು, ಕೋರೊಮಾಚ್ ಉದುರಿಸಿ ಇನ್ನೊಂದು ಒಲೆಗೆ ಇಟ್ಟಾಗಿತ್ತು. ಮುದುಕ ಮೂಗು ಮುರಿಯುತ್ತಲೇ ಅದರಲ್ಲೂ ಒಂದು ಸೌಟು ಹಾಕಿಸಿಕೊಂಡ.