ಗಾಡಿ ಲೆಕ್ಕ, ಭಾಗ 3: ಕೂತುಹೋದ ಪಟ್ಟಾ

ಮೊದಲನೇ ಫೋಟೋ ನೋಡಿ. ಖಾಲಿ ಗಾಡಿ, ಆದ್ರೂ ಹಿಂದೆ ಎಡಗಡೆ ಎರಡು ಬೆರಳು ತಗ್ಗಿದೆ. ನಮ್ಮಪ್ಪನ 407, 2012ರ ಮಾಡೆಲ್. ಟಾಟಾದವರು 407 ತಂದಿದ್ದು 1986ರಲ್ಲಿ, ಅಂದ್ರೆ ಆ ಹೆಸರಿಗೆ ನಮ್ಮೆಲ್ಲರಿಗಿಂತ ವಯಸ್ಸು ಜಾಸ್ತಿ.

ಬಿಕಾಂನವರು ಇಲ್ಲಿ ಒಂದು ನಿಮಿಷ ನಿಲ್ಲಿ. ಬಾಡಿಗೆಗೆ ಓಡೋ ಲಾರಿಗೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಡಿಪ್ರಿಸಿಯೇಷನ್ 30%, ಡಬ್ಲ್ಯೂಡಿವಿ ಲೆಕ್ಕ. 100 ರೂಪಾಯಿಯ ಗಾಡಿ 13 ವರ್ಷಕ್ಕೆ ಪುಸ್ತಕದಲ್ಲಿ 97 ಪೈಸೆ! ಕ್ಯಾಲ್ಕುಲೇಟರ್ ಒತ್ತಿ ನೋಡಿ. ಆ 97 ಪೈಸೆ ಗಾಡಿಯಿಂದಲೇ ನನ್ನ ಫೀಸು, ಮನೆ ಬಾಡಿಗೆ, ಅಜ್ಜಿ ಮಾತ್ರೆ ಎಲ್ಲಾ ಬರೋದು.

ಪಟ್ಟಾ ಯಾಕೆ ಕೂತಿತು? ಸುಲ್ತಾನ್‌ಪೇಟೆಯಿಂದ ಚಾಮರಾಜಪೇಟೆ ಪ್ರೆಸ್‌ಗಳಿಗೆ ನಾವು ಪೇಪರ್ ಹೊಡೀತೀವಿ. ಪೇಪರ್ ಕಣ್ಣಿಗೆ ಮೋಸ ಮಾಡೋ ಲೋಡು. ಪರಿಷೆ ಟೈಮಲ್ಲಿ ಬಸವನಗುಡಿಗೆ ಕಡಲೆಕಾಯಿ ಮೂಟೆ ತಂದ್ರೆ ಬಾಡಿ ತುಂಬಿ ತುಳುಕುತ್ತೆ, ಪಟ್ಟಾಗೆ ಗೊತ್ತೇ ಆಗಲ್ಲ. ಪೇಪರ್ ಹಾಗಲ್ಲ. ಜೆರಾಕ್ಸ್ ಅಂಗಡೀಲಿ ನೋಡ್ತೀರಲ್ಲ, ಆ 75 ಜಿಎಸ್‌ಎಂ ಎ4 ರೀಮು, ಒಂದೊಂದೂ 2.3 ಕೆಜಿ. ಬಾಡಿ ಅರ್ಧ ತುಂಬೋ ಹೊತ್ತಿಗೆ ತೂಕದ ಲೆಕ್ಕ ಮುಗಿದಿರುತ್ತೆ. "ಅಣ್ಣಾ, ಇನ್ನೂ ಜಾಗ ಇದೆಯಲ್ಲ" ಅಂತಾರೆ. ಎಷ್ಟು ಸಲ ಇಲ್ಲ ಅನ್ನೋಕಾಗುತ್ತೆ?

ರಿಪೇರಿಗೆ ಬಿಡ್ತೀವಿ ಅಂದಾಗ ಒಬ್ಬರು ಹಳೇ ಗಿರಾಕಿ ಅಪ್ಪನಿಗೆ ಹೇಳಿದ್ದು: "ಹಂಗೇ ದಪ್ಪನೆ ಪ್ಲೇಟು ಎರಡು ಎಕ್ಸ್‌ಟ್ರಾ ಹಾಕ್ಸಿಬಿಡಿ. ಗಾಡಿನೂ ಎತ್ತರ ಆಗುತ್ತೆ, ಎರಡು ಟ್ರಿಪ್ ಮಾಲು ಒಂದೇ ಟ್ರಿಪ್‌ಗೆ ಹೋಗುತ್ತೆ." ಅವರು ಕೊಡೋ ಬಾಡಿಗೆ ನಮಗೆ ದೊಡ್ಡದು. ಅಪ್ಪ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ.

ಎರಡನೇ ಫೋಟೋ ಕಲಾಸಿಪಾಳ್ಯದ್ದು. ಚಾಸಿ ಕೆಳಗೆ ಮರದ ದಿಮ್ಮಿ ಕೊಟ್ಟು, ಯು ಬೋಲ್ಟ್ ಬಿಚ್ಚಿ, ಪಟ್ಟಾ ಇಳಿಸಿದ್ರು. ಸೆಂಟರ್ ಬೋಲ್ಟ್ ಮಾತ್ರ ಸುಮ್ನೆ ಬಿಚ್ಚೋ ಹಾಗಿಲ್ಲ. ಒಳಗೆ ಬಿಗಿ ತುಂಬಿರುತ್ತೆ, ವೈಸ್‌ನಲ್ಲಿ ಹಿಡಿಸದೆ ಬಿಚ್ಚಿದ್ರೆ ಪ್ಲೇಟು ಎಗರಿ ಮುಖಕ್ಕೇ ಬರುತ್ತೆ. ಆಮೇಲೆ ಸೀಮೇಸುಣ್ಣದಲ್ಲಿ ನಂಬರ್ ಹಾಕಿ ಸಾಲಾಗಿ ಇಟ್ರು. ಮೇನ್ ಪ್ಲೇಟಲ್ಲಿ ಬೋಲ್ಟ್ ತೂತಿನ ಪಕ್ಕ ಕೂದಲೆಳೆ ಬಿರುಕು. ವೆಲ್ಡಿಂಗ್ ಆಗಲ್ವಾ ಅಂದೆ. ಮೇಸ್ತ್ರಿ ನಕ್ಕರು. ಸ್ಪ್ರಿಂಗ್ ಉಕ್ಕಿಗೆ ವೆಲ್ಡಿಂಗ್ ಬಿಸಿ ತಾಗಿದ್ರೆ ಪಕ್ಕದಲ್ಲೇ ಪೆಡಸಾಗಿ ಮುರಿಯುತ್ತೆ. ಹಾಗಾಗಿ ಎರಡೂ ಕಡೆಗೂ ಜೆಸಿ ರೋಡಿಂದ ಹೊಸ ಮೇನ್ ಪ್ಲೇಟು, ಬುಷ್, ಯು ಬೋಲ್ಟ್. ಒಂದು ಕಡೆ ಮಾತ್ರ ಹೊಸದು ಹಾಕಿದ್ರೆ ಗಾಡಿ ಸೊಟ್ಟಗೇ ನಿಲ್ಲುತ್ತೆ.

ಉಳಿದ ಪ್ಲೇಟುಗಳಿಗೆ ಬಡಿದು ಬಡಿದು ಮತ್ತೆ ಬಾಗು ಕೊಟ್ರು. ಮೂರನೇ ಫೋಟೋ ಜೂಮ್ ಮಾಡಿ: ಜೋಡಿಸಿಟ್ಟಾಗ ಪ್ಲೇಟುಗಳ ಮಧ್ಯೆ ಸಂದಿ ಕಾಣುತ್ತಲ್ಲ, ಅದು ಬೇಕಂತಲೇ ಬಿಟ್ಟಿದ್ದು. ಚಿಕ್ಕ ಪ್ಲೇಟಿಗೆ ಬಾಗು ಜಾಸ್ತಿ. ಸೆಂಟರ್ ಬೋಲ್ಟ್ ಬಿಗಿ ಮಾಡಿದಾಗ ಸಂದಿ ಮುಚ್ಚಿ, ಕೆಳಗಿನ ಚಿಕ್ಕವು ಮೇಲಿನ ಉದ್ದದ್ದರ ಭಾರ ಹಂಚ್ಕೊಳ್ಳುತ್ತವೆ. ನನಗೆ ಇಡೀ ದಿನದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಹೊರಗಿಂದ ನೋಡಿದ್ರೆ ಕಬ್ಬಿಣದ ಪಟ್ಟಿಗಳ ಕಟ್ಟು, ಅಷ್ಟೇ!

ಎಕ್ಸ್‌ಟ್ರಾ ಪ್ಲೇಟಿನ ವಿಷಯಕ್ಕೆ ಬರ್ತೀನಿ. ಅಗಲ, ಉದ್ದ ಅದೇ ಇದ್ದು ದಪ್ಪ 8 ಮಿಮೀ ಇಂದ 10 ಆದ್ರೆ, ಆ ಪ್ಲೇಟಿನ ಬಿಗಿ ಹತ್ತಿರ ಹತ್ತಿರ ಎರಡರಷ್ಟಾಗುತ್ತೆ, ಯಾಕಂದ್ರೆ ದಪ್ಪದ ಘನ ಲೆಕ್ಕಕ್ಕೆ ಬರುತ್ತೆ. ಖಾಲಿ ವಾಪಸ್ ಬರುವಾಗ ಹಿಂದಿನ ಚಕ್ರ ಕುಣಿಯುತ್ತೆ, ಬ್ರೇಕ್ ಹಿಡಿದ್ರೆ ಜಾರುತ್ತೆ. ಎಷ್ಟೇ ಪ್ಲೇಟು ಪೇರಿಸಿದ್ರೂ ಆಕ್ಸಲ್, ಟೈರು, ಬ್ರೇಕು ಹಳೇದೇ ತಾನೆ? ಆರ್‌ಸಿಯಲ್ಲಿ ಬರೆದಿರೋ ತೂಕನೂ ಅದೇ. 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಓವರ್‌ಲೋಡಿಗೆ 20,000 ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಅಪ್ಪನಿಗೆ ನಾನು ನಮ್ಮ ಪುಸ್ತಕದ ಭಾಷೇಲೇ ಹೇಳಿದೆ. ಹಳೇ ಎತ್ತರಕ್ಕೆ ವಾಪಸ್ ತರೋದು ರೆವಿನ್ಯೂ ಖರ್ಚು. ದುಡಿಯೋ ಶಕ್ತಿ ಹೆಚ್ಚಿಸೋದು ಕ್ಯಾಪಿಟಲ್ ಖರ್ಚು. ಎರಡು ಪ್ಲೇಟು ಪೇರಿಸಿದ್ರೆ ಗಾಡಿ ಎತ್ತರ ಆಗುತ್ತೆ, ಶಕ್ತಿ ಎಲ್ಲಿ ಹೆಚ್ಚಾಯ್ತು? ಅಪ್ಪ ನನ್ನ ಮಾತಿಗೆ ಒಪ್ಪಿದ್ರೋ, ಮೇಸ್ತ್ರಿ ತೋರಿಸಿದ ಬಿರುಕಿಗೆ ಒಪ್ಪಿದ್ರೋ ಗೊತ್ತಿಲ್ಲ. "ಇದ್ದಷ್ಟೇ ಪ್ಲೇಟು ಹಾಕಿ ಮೇಸ್ತ್ರಿ" ಅಂದ್ರು.

(ಡಿಎಂನಲ್ಲಿ ಜೀಪ್ ಲಿಫ್ಟ್ ಮಾಡಿಸ್ತೀನಿ ಅಂದವನೇ: ಎತ್ತರ ಏರಿದ್ರೆ ಬ್ರೇಕ್ ಹೋಸ್ ಎಳೆಯುತ್ತೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತೆ. ರೀಲ್ಸ್‌ನಲ್ಲಿ ಅದನ್ನ ತೋರಿಸಲ್ಲ ಗುರೂ.)

ಕೊನೇ ಫೋಟೋದಲ್ಲಿ ಗಾಡಿ ನೆಟ್ಟಗಿದೆ. ಆ ಗಿರಾಕಿ ಇನ್ನೂ ಫೋನ್ ಮಾಡಿಲ್ಲ. ನಾಲ್ಕೈದು ಲೋಡ್ ಓಡಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸ್ಬೇಕು. ಇವತ್ತಿಗೆ ಎರಡು ಲೋಡ್ ಆಗಿದೆ.